ಬೆಳಿಗ್ಗೆ ಮಾತ್ರ ಕೆಡುತ್ತಿದ್ದ ಓವನ್

ಅವರು ಇದ್ದ ಕೊನೆಯ ದಿನ ಭಾನುವಾರ. ಜನವರಿ ತಿಂಗಳು. ದೆಹಲಿಯ ಲಕ್ಷ್ಮೀ ನಗರದ ನಮ್ಮ ಗಲ್ಲಿಗೆ ನಾಲ್ಕು ದಿನದಿಂದ ಬಿಸಿಲು ಬಿದ್ದಿರಲಿಲ್ಲ. ನಮ್ಮ ಮನೆಯವರು ಬೆಳಿಗ್ಗೆ ಎರಡು ಕಿಲೋ ಹಸಿ ಬಟಾಣಿ ತಂದರು. ಕಾಲ ಮೇಲೆ ರಜಾಯಿ ಎಳೆದುಕೊಂಡು ಮಂಚದ ಮೇಲೆ ಕೂತು ಇಬ್ಬರೂ ಸುಲಿದೆವು. ಅವರು ಸುಲಿದದ್ದರಲ್ಲಿ ಅರ್ಧ ಅವರ ಬಾಯಿಗೇ ಹೋಯಿತು.

“ಉಪ್ಪಿಟ್ಟಿಗೆ ಉಳಿಸ್ರೀ” ಅಂದೆ.

“ಹುಳ ಇದೆಯಾ ಅಂತ ನೋಡ್ತಿದೀನಿ” ಅಂದರು.

ಮಧ್ಯಾಹ್ನ ನೋಯ್ಡಾಕ್ಕೆ ಹೋದರು. ಅಲ್ಲಿ ಚಂದ್ರಪ್ರಭಾ ಎಂಬ ಕನ್ನಡದವರ ಮನೆಯ ಓವನ್ ಕೆಟ್ಟಿತ್ತು. ಅದಕ್ಕಾಗಿ ಹೋಗುತ್ತಿದ್ದುದು ಅದು ಮೂರನೆಯ ಸಲ. ಚಿಕೂನ್‌ಗುನ್ಯಾ ಬಂದು ಹೋಗಿ ಎರಡು ತಿಂಗಳಾದರೂ ನನ್ನ ಮಂಡಿ ಹಿಡಿದುಕೊಂಡೇ ಇತ್ತು. ಆ ಮೂರು ಸಲವೂ ನಾನು ಜೊತೆಗೆ ಹೋಗಲಿಲ್ಲ. ಐದು ಗಂಟೆಗೆ ವಾಪಸ್ ಬಂದು ಟೂಲ್ ಬ್ಯಾಗ್ ಮೂಲೆಗಿಟ್ಟರು.

“ಏನಾಯ್ತು?” ಅಂತ ಕೇಳಿದೆ.

“ನಾನು ಹೋದಾಗ ಸರಿಯಾಗಿರತ್ತೆ. ನಾನು ಬಂದ್ಮೇಲೆ ಕೆಡತ್ತೆ.”

“ನಿಮ್ಮ ಮುಖ ನೋಡಿ ಹೆದರ್ಕೊಳತ್ತೆ.”

“ಇಪ್ಪತ್ತಾರು ವರ್ಷ ಆಯ್ತು, ನೀನು ಹೆದರ್ಲಿಲ್ವಲ್ಲ.”

“ನಾನು ಕರೆಂಟಿನ ಮೇಲೆ ನಡೆಯಲ್ಲ, ಅದಕ್ಕೆ.”

ಎಡ ಭುಜ ನೋಯುತ್ತಿದೆ ಅಂದರು. ಹಿಂದಿನ ದಿನ ಗೀಸರ್ ಎತ್ತಿದ್ದರು, ಅದಕ್ಕೇ ಇರಬೇಕು ಅಂದುಕೊಂಡೆವು. ಎಣ್ಣೆ ತಿಕ್ಕಿದೆ. ಬಟಾಣಿ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಗಲ್ಲಿಯಲ್ಲಿ ಸ್ಕೂಟರ್ ಸ್ಟ್ಯಾಂಡ್ ತೆಗೆಯುವಾಗ ಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇರಲಿಲ್ಲ. ಐವತ್ತೆರಡು ವರ್ಷ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಅವರ ಹೆಸರು ಏಕನಾಥ. ಚಿತ್ರದುರ್ಗದವರು. ಕೋಟೆಯ ಮೇಲಿನ ಏಕನಾಥೇಶ್ವರಿಗೆ ನಮ್ಮತ್ತೆ ಹರಕೆ ಹೊತ್ತು ಹುಟ್ಟಿದವರು, ಅದಕ್ಕೆ ಆ ಹೆಸರು. ದುರ್ಗದಲ್ಲೇ ಐಟಿಐ ಓದಿದರು. ಅವರ ಸೋದರಮಾವ ದೆಹಲಿಯಲ್ಲಿ ಸರ್ಕಾರಿ ಕಚೇರಿಯೊಂದರ ಜವಾನ. ಬಾ ಅಂದ, ಇವರು ಬಂದರು. ಮಾನೇಸರಿನಲ್ಲಿ ಕಾರಿನ ಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕರೆಂಟ್ ಕೆಲಸಕ್ಕೆ ಸೇರಿದರು. ಅಲ್ಲಿ ಬಣ್ಣ ಒಣಗಿಸಲು ಮನೆಯಷ್ಟು ದೊಡ್ಡ ಓವನ್ ಇತ್ತಂತೆ. ಒಳಗೆ ನಾಲ್ಕು ಜನ ನಿಲ್ಲಬಹುದಂತೆ. ಅದು ನಿಂತರೆ ಇಡೀ ಲೈನ್ ನಿಲ್ಲುತ್ತಿತ್ತು, ಎಲ್ಲರೂ ಇವರನ್ನು ಕೂಗುತ್ತಿದ್ದರು. ಏಳು ವರ್ಷ ಕೂಗಿಸಿಕೊಂಡರು. ಕಾಂಟ್ರಾಕ್ಟ್ ಮುಗಿದ ದಿನ ಯಾರೂ ಕೂಗಲಿಲ್ಲ. ಲಕ್ಷ್ಮೀ ನಗರದಲ್ಲಿ ಅಂಗಡಿ ಹಾಕಿದರು. ಮಿಕ್ಸಿ, ಗೀಸರ್, ವಾಷಿಂಗ್ ಮಷೀನ್, ಆಮೇಲೆ ಜನ ಮನೆಯಲ್ಲಿ ಕೇಕ್ ಮಾಡಲು ಶುರು ಮಾಡಿದ ಮೇಲೆ ಓವನ್.

“ದೊಡ್ಡದಕ್ಕೂ ಚಿಕ್ಕದಕ್ಕೂ ಏನೂ ಫರಕ್ ಇಲ್ಲ” ಅನ್ನುತ್ತಿದ್ದರು. “ಚರ್ಮ ಒಂದು, ಮಿದುಳು ಒಂದು, ಕೈ ಒಂದು.” ಚರ್ಮ ಅಂದರೆ ಒಳಗಿನ ಬಿಸಿ ಎಷ್ಟಿದೆ ಎಂದು ತಿಳಿಯುವ ಸೆನ್ಸರ್. ಬೆರಳಿನಷ್ಟು ಉದ್ದದ ಕಡ್ಡಿ. ಮಿದುಳು ಅಂದರೆ ಕಂಟ್ರೋಲ್ ಬೋರ್ಡ್. ಕೈ ಅಂದರೆ ಹೀಟರ್. ಚರ್ಮ ಹೇಳಿದ್ದನ್ನು ಕೇಳಿ ಮಿದುಳು ಕೈಗೆ ಅಪ್ಪಣೆ ಕೊಡುತ್ತದೆ. ಓವನ್ ಕೆಟ್ಟಾಗ ಕಂಪನಿಯವರು ಮೊದಲು ಮಿದುಳನ್ನು ಬದಲಾಯಿಸುತ್ತಾರೆ. “ಚರ್ಮ ಸುಳ್ಳು ಹೇಳಿದ್ರೆ ಮಿದುಳು ಏನ್ ಮಾಡತ್ತೆ ಪಾಪ?” ಅನ್ನುತ್ತಿದ್ದರು.

ನಾನು ನಾಲ್ಕನೇ ಕ್ಲಾಸು. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ಕೂತು ಏನು ಮಾಡಲಿ, ಅವರ ಜೊತೆ ಹೋಗುತ್ತಿದ್ದೆ. ಮೊದಲು ಟಾರ್ಚ್ ಹಿಡಿದೆ. ಆಮೇಲೆ ಅವರು ಮಷೀನಿನ ಹಿಂದೆ ಮಲಗಿ ವೈರ್ ಮುಟ್ಟಿದಾಗ ಈಚೆ ಕೂತು ಮೀಟರ್ ಓದಿ ಹೇಳಿದೆ. ಹನ್ನೊಂದು ವರ್ಷ ಓದಿದೆ. ಯಾವ ಕಾಯ್ಲಿಗೆ ಎಷ್ಟು ಬರಬೇಕು, ಯಾವ ಸೆನ್ಸರಿಗೆ ಎಷ್ಟು ಬರಬೇಕು, ನನಗೆ ಬಾಯಿಪಾಠ. ಕೊರೋನಾ ಬಂದು ಹೋದ ಮೇಲೆ ಅವರ ಮೂಗು ಸತ್ತುಹೋಯಿತು. ಸುಟ್ಟ ವಾಸನೆಯೂ ಇಲ್ಲ, ಸಾರಿನ ವಾಸನೆಯೂ ಇಲ್ಲ. ಅಲ್ಲಿಂದ ಮೂಗಿನ ಕೆಲಸವೂ ನನ್ನದಾಯಿತು. ಯಾರೋ ಒಬ್ಬರು ಕೇಳಿದ್ದರು, ಕೆಲಸಕ್ಕೆ ಹೆಂಡತಿಯನ್ನು ಯಾಕೆ ಕರೆದುಕೊಂಡು ಬರುತ್ತೀರಿ ಎಂದು. “ಮೀಟರ್ ಓದೋಕೆ ಸಾರ್. ನನಗಿಂತ ಸುಳ್ಳು ಕಡಿಮೆ ಹೇಳ್ತಾಳೆ” ಅಂದರು.

ದೋಷ ಇರಲಿಲ್ಲವೆಂದಲ್ಲ. ಹಠ ಇತ್ತು. ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ಮನೆಯ ಹೆಂಗಸರ ಜೊತೆ ಮಾತಾಡಲು ನಾಚಿಕೆ. ಏನು ಕೇಳುವುದಿದ್ದರೂ ಗಂಡಸರನ್ನೇ ಕೇಳುತ್ತಿದ್ದರು. ಅಡುಗೆಮನೆಯ ಯಂತ್ರದ ಬಗ್ಗೆ ಆ ಗಂಡಸರಿಗೇನು ಗೊತ್ತಿರುತ್ತದೆ? ಹೆಂಗಸರನ್ನು ಕೇಳುವ ಕೆಲಸ ನಾನು ಮಾಡುತ್ತಿದ್ದೆ.

ಹದಿಮೂರು ದಿನ ಕಳೆಯಿತು. ನೆಂಟರು ಊರಿಗೆ ಹೋದರು. ನೀನೂ ಬಾ ಅಂದರು, ಹೋಗಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯ ಕಿಶನ್ ಬಂದು, “ಭಾಭೀಜಿ, ದುಕಾನ್ ಕಾ ಕ್ಯಾ ಸೋಚಾ?” ಅಂದ. ಅಂಗಡಿಯನ್ನು ಏನು ಮಾಡುತ್ತೀರಿ ಎಂದು. “ಖೋಲೂಂಗಿ” ಅಂದೆ. ತೆರೆಯುತ್ತೇನೆ ಎಂದು.

ತೆರೆದೆ. ಎರಡು ಮಿಕ್ಸಿ ಬಂದವು, ಮಾಡಿಕೊಟ್ಟೆ. ಆದರೆ ನಮ್ಮ ದೊಡ್ಡ ಕೆಲಸವೆಲ್ಲ ಕನ್ನಡದವರ ಮನೆಗಳಿಂದ ಬರುತ್ತಿತ್ತು. ದೆಹಲಿ, ನೋಯ್ಡಾದಲ್ಲಿರುವ ಕನ್ನಡದವರದೊಂದು ವಾಟ್ಸ್ಯಾಪ್ ಗ್ರೂಪ್ ಇದೆ. ಯಾರ ಮನೆಯ ಗೀಸರ್ ಕೆಟ್ಟರೂ ಅದರಲ್ಲಿ ಕೇಳುತ್ತಾರೆ. ಇನ್ನೊಬ್ಬರು ‘ಏಕನಾಥ’ ಎಂದು ಬರೆದು ನಂಬರ್ ಹಾಕುತ್ತಾರೆ. ಹೀಗೆ ಹನ್ನೊಂದು ವರ್ಷ ನಡೆದಿತ್ತು. ಅವರು ಹೋದ ಇಪ್ಪತ್ತನೆಯ ದಿನ ಯಾರೋ ಕೇಳಿದರು. ಯಾರೋ ನಮ್ಮ ನಂಬರ್ ಹಾಕಿದರು, ಈಗ ಅವರ ಹೆಂಡತಿ ಮಾಡುತ್ತಾರಂತೆ ಎಂದೂ ಬರೆದರು. ಅದರ ಕೆಳಗೆ ಚಂದ್ರಪ್ರಭಾ ಬರೆದಿದ್ದರು: ‘ಹೋದವರ ಬಗ್ಗೆ ಮಾತಾಡಬಾರದು. ಆದರೂ ಹೇಳಲೇಬೇಕು. ಅವರು ಮೂರು ಸಲ ಕೈ ಹಾಕಿದ ಮೇಲೆ ನಮ್ಮ ಓವನ್ ಪೂರ್ತಿ ಹಾಳಾಯಿತು. ಯೋಚಿಸಿ ಕರೆಯಿರಿ.’ ಕೊನೆಯಲ್ಲಿ ಮುಗಿದ ಕೈಗಳ ಚಿತ್ರ.

ಅದನ್ನು ನಾನು ಅಕ್ಷರ ಕೂಡಿಸಿ ಓದಿದೆ. ಎರಡು ಸಲ ಓದಿದೆ. ಆ ವಾರ ಒಂದೂ ಫೋನ್ ಬರಲಿಲ್ಲ. ಫೋನ್ ಬರದಿದ್ದುದು ಇರಲಿ. ಅವರು ಸುಟ್ಟು ಬೂದಿಯಾಗಿ ಯಮುನೆಗೆ ಹೋಗಿಯಾಗಿತ್ತು. ಇನ್ನು ಉಳಿದಿದ್ದುದು ಹೆಸರೊಂದೇ. ಅದನ್ನೂ ಹಾಳು ಕೈ ಎಂದು ಬರೆದುಬಿಟ್ಟರೆ ನಾನು ಯಾರ ಹೆಸರು ಹೇಳಿಕೊಂಡು ಅಂಗಡಿ ನಡೆಸಲಿ?

ಚಂದ್ರಪ್ರಭಾಗೆ ಫೋನ್ ಮಾಡಿದೆ.

“ಅಮ್ಮಾವ್ರೇ, ನಾನು ಗಿರಿಜಮ್ಮ. ಏಕನಾಥ ಅವರ ಮನೆಯವಳು.”

“ಅಯ್ಯೋ ಗಿರಿಜಮ್ಮ, ಹೇಗಿದ್ದೀರಿ? ತುಂಬ ಒಳ್ಳೆ ಮನುಷ್ಯ ಕಣ್ರೀ. ಬರೋಕಾಗ್ಲಿಲ್ಲ ನಮಗೆ, ಮಂಡಿನೋವು…”

“ನಿಮ್ಮ ಓವನ್ ನಾನು ನೋಡ್ತೀನಿ.”

“ನೀವಾ?”

“ಹೌದು, ನಾನೇ. ಅದು ಯಾವಾಗ ಕೆಡತ್ತೆ?”

“ಯಾವಾಗ ಅಂದ್ರೆ? ನನ್ನ ಮಗಳು ಹರ್ಷಿಣಿ ಬೆಳಿಗ್ಗೆ ಎದ್ದು ಕೇಕ್ ಇಡಕ್ಕೆ ಹೋದ್ರೆ ಬೀಪ್ ಬೀಪ್ ಅಂತ ಕೂಗಿ ನಿಂತೋಗತ್ತೆ. ಎಫ್ ಅಂತ ಏನೋ ತೋರಿಸತ್ತೆ. ಆರ್ಡರ್ ತಗೊಂಡಿರ್ತಾಳೆ ಪಾಪ, ಆಫೀಸಿಗೆ ಹೋಗೋ ಮುಂಚೆ ಮಾಡ್ಬೇಕು.”

“ಮಧ್ಯಾಹ್ನ?”

“ಮಧ್ಯಾಹ್ನ ನಡೆಯತ್ತೆ. ಸಂಜೇನೂ ನಡೆಯತ್ತೆ. ಬೆಳಿಗ್ಗೇನೇ ಅದಕ್ಕೆ ರೋಗ.”

“ಇದನ್ನ ಅವರಿಗೆ ಹೇಳಿದ್ರಾ?”

“ಕೆಟ್ಟಿದೆ ಅಂತ ಹೇಳಿದೆ. ಟೈಮ್ ಟೇಬಲ್ ಕೊಡ್ಬೇಕಾಗಿತ್ತಾ?”

“ಅವರು ಮಧ್ಯಾಹ್ನ ಯಾಕೆ ಬರ್ತಿದ್ರು?”

“ಇನ್ನೇನು ಬೆಳಿಗ್ಗೆ ಬರ್ತಾರಾ? ಪೂಜೆ, ನೈವೇದ್ಯ ಆಗೋವರೆಗೆ ನಮ್ಮ ಅಡುಗೆಮನೆ ಮಡಿ. ಹೊರಗಿನವರನ್ನ ಬಿಡಲ್ಲ. ಬೋರ್ಡ್ ಬದಲಾಯಿಸಿದ ಕಂಪನಿಯವನಿಗೂ ಮಧ್ಯಾಹ್ನಾನೇ ಹೇಳಿದ್ದು.”

ನನಗೆ ಆಗ ಗೊತ್ತಾಯಿತು. ರೋಗ ಬೆಳಿಗ್ಗೆ ಬರುತ್ತದೆ, ವೈದ್ಯನನ್ನು ಮಧ್ಯಾಹ್ನ ಕರೆಯುತ್ತಾರೆ.

“ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಅಲ್ಲೀವರೆಗೆ ಓವನ್ ಮುಟ್ಬೇಡಿ. ಒಳಗೆ ಏನಿದೆಯೋ ಹಾಗೇ ಇರ್ಲಿ.”

“ಏಳಕ್ಕಾ? ಈಗ ತಾನೆ ಹೇಳಿದ್ನಲ್ಲ. ಅದೂ ಅಲ್ದೆ… ಇನ್ನೂ ತಿಂಗಳಾಗಿಲ್ಲ ನಿಮಗೆ. ಬೆಳಬೆಳಿಗ್ಗೆ, ದೇವರ ಮುಂದೆ… ನಾನು ಅದೆಲ್ಲ ನಂಬಲ್ಲ ಗಿರಿಜಮ್ಮ. ಮನೇಲಿ ಒಪ್ಪಲ್ಲ.”

“ಮನೇಲಿ ಯಾರು ಒಪ್ಪಲ್ಲ?”

ಮನೆಯಲ್ಲಿರುವುದು ಅವರು, ಅವರ ಯಜಮಾನರು ಅನಂತಮೂರ್ತಿಗಳು, ಹರ್ಷಿಣಿ.

“ದೇವರಿಗೆ ನಾನು ಹೇಳ್ಕೋತೀನಿ ಅಮ್ಮಾವ್ರೇ” ಅಂದೆ. “ನೀವು ಗ್ರೂಪಿನಲ್ಲಿ ಬರೆದದ್ದನ್ನ ಯಾರಿಗೆ ಹೇಳ್ಕೊಳ್ಲಿ?”

“ಬನ್ನಿ” ಅಂದರು.

ಮಂಡಿಗೆ ಬಟ್ಟೆ ಕಟ್ಟಿಕೊಂಡು ಆರು ಗಂಟೆಯ ಮೆಟ್ರೋ ಹತ್ತಿದೆ. ಯಮುನಾ ಬ್ಯಾಂಕ್ ಸ್ಟೇಷನ್ನಿನಲ್ಲಿ ಇಳಿದು ನೋಯ್ಡಾದ ಗಾಡಿ ಹಿಡಿದೆ. ಟೂಲ್ ಬ್ಯಾಗ್ ಅವರ ಹೆಗಲಿಗೆ ಸರಿಯಾಗಿ ಬೆಲ್ಟ್ ಬಿಗಿದಿದ್ದರು, ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಗಂಟು ಹಾಕಿ ಗಿಡ್ಡ ಮಾಡಿಕೊಂಡೆ. ಸೊಸೈಟಿಯ ಗೇಟಿನಲ್ಲಿ ಗಾರ್ಡ್ ಫೋನ್ ಹಿಡಿದು, “ಮೇಡ್? ಕುಕ್?” ಅಂದ.

“ಇಲೆಕ್ಟ್ರಿಷಿಯನ್ ಲಿಖೋ ಭಯ್ಯಾ.”

ನನ್ನ ಸೀರೆ ನೋಡಿದ, ಬ್ಯಾಗ್ ನೋಡಿದ. “ಸಚ್ಚೀ?” ಅಂದ, ನಿಜವಾ ಎಂದು.

“ನಿಮ್ಮ ಗೂಡಿನ ಟ್ಯೂಬ್‌ಲೈಟ್ ಗುಂಯ್ ಅಂತಿದೆ, ಚೋಕ್ ಹೋಗ್ತಿದೆ, ಹೇಳು ನಿನ್ನ ಸಾಹೇಬರಿಗೆ” ಎಂದು ಹಿಂದಿಯಲ್ಲಿ ಹೇಳಿದೆ. ಬರೆದುಕೊಂಡ.

ಬಾಗಿಲು ತೆಗೆದವಳು ಹರ್ಷಿಣಿ. ಇಪ್ಪತ್ತೆಂಟು ವರ್ಷ ಇರಬಹುದು, ಕಂಪನಿಯೊಂದರಲ್ಲಿ ಕೆಲಸ. ದೆಹಲಿಯಲ್ಲೇ ಬೆಳೆದವಳು. “ಆಯಿಯೇ ಆಂಟಿ, ಬನ್ನಿ” ಅಂದಳು. ಚಂದ್ರಪ್ರಭಾ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ಮಡಿಸೀರೆಯಲ್ಲಿ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ನಾನು ಅಡುಗೆಮನೆಗೆ ಹೋಗುವಾಗ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಸರಿಯಲಿ. ನಾನು ಓವನ್ ನೋಡಲು ಬಂದವಳು.

ಅದು ಮರದ ಕಪಾಟಿನೊಳಗೆ ಕೂರಿಸಿದ ಓವನ್. ಬಾಗಿಲ ಗಾಜಿನಲ್ಲಿ ಹಳದಿ ಬೆಳಕು ಕಾಣುತ್ತಿತ್ತು. ಒಳಗಿನ ದೀಪ ಉರಿಯುತ್ತಿತ್ತು. ಬಾಗಿಲು ತೆಗೆದೆ. ಮೂಗಿಗೆ ಹುಳಿ ಬಡಿಯಿತು. ಒಳಗೆ ದೊಡ್ಡದೊಂದು ಸ್ಟೀಲ್ ಪಾತ್ರೆ, ಮೇಲೆ ತಟ್ಟೆ. ತಟ್ಟೆಯನ್ನು ಎತ್ತಿಕೊಂಡು ಹಿಟ್ಟು ಉಬ್ಬಿ ನಿಂತಿತ್ತು.

“ಇದೇನು?”

“ದೋಸೆ ಹಿಟ್ಟು” ಅಂದರು ಚಂದ್ರಪ್ರಭಾ, ಹೊಸ್ತಿಲಿಂದಲೇ. “ಈ ದಿಲ್ಲಿ ಚಳೀಲಿ ಹಿಟ್ಟು ಹುಳಿ ಬರತ್ತಾ? ರಾತ್ರಿ ಲೈಟ್ ಹಾಕಿ ಒಳಗಿಡ್ತೀನಿ. ಬೆಚ್ಚಗಿರತ್ತೆ. ಎಲ್ಲರೂ ಹಾಗೇ ಮಾಡೋದು.”

“ಯಾವಾಗಿಂದ?”

“ಚಳಿ ಶುರುವಾದಾಗಿಂದ. ನವೆಂಬರ್.”

“ಓವನ್ ಕೆಟ್ಟಿದ್ದು ಯಾವಾಗಿಂದ?”

“ನವೆಂಬರ್…” ಅಂದವರು ನಿಲ್ಲಿಸಿದರು. “ಅದಕ್ಕೂ ಇದಕ್ಕೂ ಏನ್ರೀ ಸಂಬಂಧ? ಬರೀ ಲೈಟ್ ಹಾಕಿರ್ತೀನಿ. ಬಿಸಿ ಮಾಡಲ್ಲ.”

“ಯಾವತ್ತಾದ್ರೂ ಉಕ್ಕಿತ್ತಾ?”

ಅವರು ಹರ್ಷಿಣಿಯ ಮುಖ ನೋಡಿದರು. ಹರ್ಷಿಣಿ ನಕ್ಕಳು. “ಮಮ್ಮಾ, ದಿವಾಲಿ ಕೇ ಬಾದ್? ಪೂರಾ ಫ್ಲೋರ್ ಪೇ ಥಾ! ನೆಲ ಪೂರಾ ಹಿಟ್ಟು, ಹಿಂದೆ ಸೈಡ್ ಎಲ್ಲಾ ಹೋಗಿತ್ತು ಆಂಟಿ.”

“ಒರೆಸಿದ್ನಲ್ಲೇ!” ಅಂದರು ಚಂದ್ರಪ್ರಭಾ.

“ಹಿಟ್ಟಿಗೆ ಉಪ್ಪು ಹಾಕಿ ಇಡ್ತೀರಾ, ಬೆಳಿಗ್ಗೆ ಹಾಕ್ತೀರಾ?”

“ಹಾಕೇ ಇಡ್ತೀನಿ. ಉಪ್ಪು ಹಾಕಿದ್ರೇ ಹುಳಿ ಬರೋದು.”

ನಮ್ಮ ಕಡೆ ಬೆಳಿಗ್ಗೆ ಹಾಕುತ್ತೇವೆ. ಅದಕ್ಕೆ ವಾದ ಮಾಡುವ ಹೊತ್ತು ಅದಲ್ಲ.

ಪಾತ್ರೆ ತೆಗೆಸಿದೆ. ಓವನ್‌ಗೆ ನೂರಾ ಎಂಬತ್ತು ಡಿಗ್ರಿ ಇಟ್ಟೆ. ಫ್ಯಾನ್ ತಿರುಗಿತು. ಎರಡು ನಿಮಿಷವಾಗಲಿಲ್ಲ, ಬೀಪ್ ಬೀಪ್ ಎಂದಿತು. ಎಫ್ ಅಕ್ಷರ ಮತ್ತು ಒಂದು ನಂಬರ್ ಮಿನುಗಿತು. ಕೈ ಇಟ್ಟು ನೋಡಿದೆ, ಹೀಟರ್ ತಣ್ಣಗಿತ್ತು. ನನಗೆ ಖುಷಿಯಾಯಿತು. ಕೆಟ್ಟಿರುವುದು ಕಣ್ಣೆದುರಿಗೆ ಕೆಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಮೂರು ಸಲ ಬಂದರೂ ಅವರಿಗೆ ಅದು ಸಿಕ್ಕಿರಲಿಲ್ಲ.

ಮೀಟರ್ ಬೋರ್ಡಿನಲ್ಲಿ ಓವನ್‌ನ ಲೈನ್ ಆಫ್ ಮಾಡಿ, ಆಫ್ ಆಗಿದೆಯೋ ಎಂದು ಟೆಸ್ಟರ್ ಇಟ್ಟು ನೋಡಿದೆ. ಬಾಗಿಲ ಪಕ್ಕದ ನಾಲ್ಕು ಸ್ಕ್ರೂ ಬಿಚ್ಚಿದೆ. “ಇದನ್ನ ಹೊರಗೆ ಎಳೀಬೇಕು. ಇಬ್ಬರು ಬೇಕು.”

“ಮರ ಗೀರುತ್ತೆ!” ಅಂದರು ಚಂದ್ರಪ್ರಭಾ. “ನಿಮ್ಮ ಯಜಮಾನರಿಗೂ ಹೇಳಿದ್ದೆ, ಎಳೀಬೇಡಿ ಅಂತ. ಅವರು ಮುಂದಿನಿಂದಲೇ ನೋಡಿದ್ರು.”

ಇದು ನನಗೆ ಗೊತ್ತಿರಲಿಲ್ಲ. ಅವರು ಮೇಲಿನ ಪಟ್ಟಿ ಬಿಚ್ಚಿ ಬೋರ್ಡಿನಿಂದಲೇ ಅಳತೆ ನೋಡಿರಬೇಕು. ಮಧ್ಯಾಹ್ನ ಎಲ್ಲ ಸರಿಯಾಗಿ ಬಂದಿತ್ತು. ಎಲ್ಲ ಸರಿ ಇದ್ದ ಮೇಲೆ ಮರ ಗೀರಿಸುವುದು ಯಾಕೆಂದು ಬಿಟ್ಟರು ಅಂದುಕೊಂಡೆ. ಅದು ತಪ್ಪು. ಅವರದೇ ತಪ್ಪು.

“ಮೈ ಪಕಡ್ತೀ ಹೂಂ ಆಂಟಿ” ಎಂದು ಹರ್ಷಿಣಿ ಒಂದು ಕಡೆ ಹಿಡಿದಳು. ಹಳೇ ರಜಾಯಿ ಹಾಸಿ, ಓವನ್ ಪೂರ್ತಿ ಹೊರಗೆಳೆದು ಮೇಜಿನ ಮೇಲೆ ಕೂರಿಸಿದೆವು. ಮರ ಗೀರಲಿಲ್ಲ.

ಮೊದಲು ಅವರು ನೋಡಿದ ಜಾಗದಲ್ಲೇ, ಬೋರ್ಡಿನ ಕಡೆಯಿಂದ, ಸೆನ್ಸರಿನ ಅಳತೆ ನೋಡಿದೆ. ಆರುನೂರ ತೊಂಬತ್ತು. ಈ ಥರದ ಸೆನ್ಸರಿಗೆ ಸಾವಿರ ಅಂದರೆ ಮಂಜುಗಡ್ಡೆಯಷ್ಟು ತಣ್ಣಗೆ. ಬಿಸಿಯಾದಂತೆ ನಂಬರ್ ಏರುತ್ತದೆ. ಇಳಿದರೆ ಹಿಮಾಲಯಕ್ಕಿಂತ ತಣ್ಣಗಿದೆ ಎಂದು ಅರ್ಥ. ಬೋರ್ಡ್ ಪಾಪ ಏನು ಮಾಡುತ್ತದೆ? ನಂಬಲು ಆಗದೆ ಕೈ ಎತ್ತಿ ಬೀಪ್ ಬೀಪ್ ಎಂದು ಅರಚುತ್ತಿತ್ತು. ಕಂಪನಿಯವನು ಅದನ್ನೇ ಬದಲಾಯಿಸಿದ್ದ. ಹೊಸ ಬೋರ್ಡೂ ಅದನ್ನೇ ಅರಚಿತು.

ಹಿಂದಿನ ತಗಡು ಬಿಚ್ಚಿದೆ. ಸೆನ್ಸರಿನ ಕಡ್ಡಿ ಒಳಗೋಡೆಯ ಕೆಳಮೂಲೆಯ ತೂತಿನಲ್ಲಿ ಕೂತಿತ್ತು. ಅದರ ವೈರ್ ಸ್ವಲ್ಪ ಕೆಳಗೆ ಬಂದು, ಬೋರ್ಡಿನಿಂದ ಬರುವ ವೈರಿನ ಜೊತೆ ಒಂದು ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಸೇರುತ್ತಿತ್ತು. ಆ ಕನೆಕ್ಟರಿನ ಮೇಲೆ ಬೆಳ್ಳಗೆ ಹಕ್ಕಳೆ ಕಟ್ಟಿತ್ತು. ಬೆರಳಿಟ್ಟರೆ ಒದ್ದೆ. ಮೂಸಿದೆ.

ಹರ್ಷಿಣಿಯನ್ನು ಕರೆದು ಮೂಸಿಸಿದೆ. “ಓ ಗಾಡ್” ಅಂದಳು. “ಮಮ್ಮಾ! ಡೋಸಾ!”

ಕನೆಕ್ಟರ್ ಬಿಡಿಸಿ ಸೆನ್ಸರ್ ಒಂದನ್ನೇ ಅಳೆದೆ. ಸಾವಿರದ ನೂರಾ ಹತ್ತು. ಚರ್ಮ ಸುಳ್ಳು ಹೇಳಿರಲಿಲ್ಲ. ಬೋರ್ಡೂ ಸರಿ ಇತ್ತು. ಚರ್ಮ ಹೇಳಿದ ಮಾತು ಮಿದುಳನ್ನು ಮುಟ್ಟುವ ದಾರಿಯಲ್ಲಿ ದೋಸೆ ಹಿಟ್ಟು ಕೂತಿತ್ತು. ದೀಪಾವಳಿ ಕಳೆದು ಉಕ್ಕಿದ ಹಿಟ್ಟು ತೂತಿನಿಂದ ಇಳಿದು ಅಲ್ಲಿ ಒಣಗಿತ್ತು. ಒಣಗಿದಾಗ ಏನೂ ತೊಂದರೆಯಿಲ್ಲ. ಆದರೆ ಅದರಲ್ಲಿ ಉಪ್ಪಿದೆ. ಪ್ರತಿ ರಾತ್ರಿ ಹೊಸ ಹಿಟ್ಟಿನ ಬೆಚ್ಚನೆಯ ಹಬೆ ಅಲ್ಲಿಗೆ ಬರುತ್ತಿತ್ತು, ಉಪ್ಪು ಅದನ್ನು ಕುಡಿದು ಒದ್ದೆಯಾಗುತ್ತಿತ್ತು. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಹೊರಗೆ, ಓವನ್ ಒರೆಸುತ್ತಾರೆ, ಅಡುಗೆಮನೆ ಬಿಸಿಯಾಗುತ್ತದೆ, ಹಕ್ಕಳೆ ಒಣಗುತ್ತದೆ. ಚಳಿ ಹೆಚ್ಚಾದಂತೆ ಅವರು ದಿನಾ ಹಿಟ್ಟು ಇಟ್ಟರು, ರೋಗವೂ ದಿನಾ ಬಂತು. ಅದೇ ದಿನಗಳಲ್ಲಿ ನಮ್ಮವರು ಮೂರು ಸಲ ಬಂದು ಹೋದರು. ಅವರು ಕೈ ಹಾಕಿದ್ದಕ್ಕೇ ಕೆಟ್ಟಿತು ಎಂದಾಯಿತು.

ಅಡುಗೆಮನೆಯ ನೆಲದ ಮೇಲೆ ಸ್ವಲ್ಪ ಹೊತ್ತು ಕೂತೆ. ಮೀಟರ್ ಓದಿ ಹೇಳುವ ಅಭ್ಯಾಸ ನೋಡಿ, “ಸಾವಿರದ ನೂರಾ ಹತ್ತು” ಎಂದು ಜೋರಾಗಿ ಹೇಳಿಬಿಟ್ಟಿದ್ದೆ. ಆ ಕಡೆಯಿಂದ ‘ಹೂಂ’ ಬರಲಿಲ್ಲ.

“ಆಂಟಿ, ಪಾನೀ?” ಅಂದಳು ಹರ್ಷಿಣಿ. ಕುಡಿದೆ. ಎದ್ದೆ.

ಹಾಳಾದ ಕನೆಕ್ಟರ್ ಕತ್ತರಿಸಿ ಎಸೆದೆ. ವೈರ್ ತುದಿ ಕೆರೆದು ಶುದ್ಧ ಮಾಡಿ, ಬಿಸಿ ತಡೆಯುವ ಕೊಳವೆ ಹಾಕಿ, ತೂತಿನ ದಾರಿಯಿಂದ ದೂರ, ಮೇಲ್ಗಡೆ ಜೋಡಿಸಿ ಒತ್ತಿದೆ. ಹಿಂದಿನ ತಗಡನ್ನೆಲ್ಲ ಒರೆಸಿದೆ. ಓವನ್ ಒಳಕ್ಕೆ ತಳ್ಳಿ ಲೈನ್ ಹಾಕಿದೆ. ಹತ್ತು ನಿಮಿಷದಲ್ಲಿ ನೂರಾ ಎಂಬತ್ತು ಮುಟ್ಟಿತು. ಹರ್ಷಿಣಿ ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಅನಂತಮೂರ್ತಿಗಳು ಪೇಪರ್ ಹಿಡಿದು ಬಂದರು. ದೊಡ್ಡ ಸರ್ಕಾರಿ ಕೆಲಸದಲ್ಲಿದ್ದು ರಿಟೈರ್ ಆದವರು. “ಏನಿತ್ತಮ್ಮಾ?”

“ದೋಸೆ ಹಿಟ್ಟು ಸಾರ್.”

“ಏಕನಾಥ ನನ್ನನ್ನ ಕೇಳಿದ್ದ, ಓವನ್‌ನಲ್ಲಿ ಏನೇನು ಮಾಡ್ತೀರಿ ಅಂತ. ಕೇಕ್ ಅಂದೆ. ಇವಳು ಹಿಟ್ಟು ಇಡೋದು ನನಗೇನು ಗೊತ್ತು?”

“ಬೆಳಿಗ್ಗೆ ಬೆಳಿಗ್ಗೆ ತಿನ್ನೋವಾಗ ಮಾತ್ರ ಗೊತ್ತಾಗತ್ತೆ ನಿಮಗೆ” ಅಂದರು ಚಂದ್ರಪ್ರಭಾ. ಆಮೇಲೆ ನನ್ನ ಕಡೆ ತಿರುಗಿ, “ಸರಿಯಾಯ್ತಲ್ಲ ಬಿಡಿ. ಗ್ರೂಪಿನಲ್ಲಿ ಹಾಕ್ತೀನಿ, ರಿಪೇರಿ ಆಯ್ತು ಅಂತ.”

“ಈಗ ಹಾಕ್ಬೇಡಿ” ಅಂದೆ. “ಇವತ್ತು ರಾತ್ರಿ ಅದೇ ಪಾತ್ರೆ, ಅದೇ ಹಿಟ್ಟು, ಅದೇ ಥರ ಲೈಟ್ ಹಾಕಿ ಇಡಿ. ನಾಳೆ ಬೆಳಿಗ್ಗೆ ಏಳಕ್ಕೆ ಓವನ್ ಹಾಕಿ. ನಡೆದ್ರೆ ಬರೀರಿ. ರಿಪೇರಿ ಆಯ್ತು ಅಂತ ಬೇಡ. ಏನಾಗಿತ್ತು ಅಂತ ಬರೀರಿ.”

“ದೋಸೆ ಹಿಟ್ಟು ಅಂತ ಬರೀಲಾ? ಗ್ರೂಪಿನಲ್ಲಿ? ನಾಲ್ಕುನೂರು ಜನ ಇದಾರೆ!”

“ಅವರ ಕೈ ಹಾಳು ಅಂತ ಬರೆದಾಗ್ಲೂ ನಾಲ್ಕುನೂರು ಜನಾನೇ ಇದ್ರು.”

ಅವರು ಹಿಟ್ಟಿನ ಪಾತ್ರೆಯ ಮೇಲೆ ತಟ್ಟೆ ಸರಿಯಾಗಿ ಮುಚ್ಚಿದರು.

“ಅವರು ಹಿಂದೆ ಎಳೆದು ನೋಡ್ಲಿಲ್ಲ, ಅದೂ ನಿಜ. ಅದನ್ನೂ ಬರೀರಿ. ನಾನು ಬೇಡ ಅನ್ನಲ್ಲ. ಆಗಿದ್ದು ಆದ ಹಾಗೆ ಇರ್ಲಿ” ಅಂದೆ. ಬ್ಯಾಗ್ ಎತ್ತಿಕೊಂಡು ಹೊರಟೆ. ಹರ್ಷಿಣಿ ಲಿಫ್ಟಿನವರೆಗೆ ಬಂದಳು.

ಆ ದಿನ ಅಂಗಡಿಯಲ್ಲಿ ಕೂತಿದ್ದೆ. ಕೆಲಸ ಇರಲಿಲ್ಲ. ಭಯ ಆಯಿತೇ ಎಂದರೆ, ಇಲ್ಲ. ಆರುನೂರ ತೊಂಬತ್ತನ್ನು ಕಣ್ಣಾರೆ ನೋಡಿದ್ದೆ. ಸಾವಿರದ ನೂರಾ ಹತ್ತನ್ನೂ ನೋಡಿದ್ದೆ. ಮೀಟರ್ ನನಗೆ ಹನ್ನೊಂದು ವರ್ಷದಲ್ಲಿ ಮೋಸ ಮಾಡಿಲ್ಲ.

ಮರುದಿನ ಏಳೂ ಹತ್ತಕ್ಕೆ ಹರ್ಷಿಣಿಯ ಫೋನ್. “ಆಂಟಿ, ಚಲ್ ಗಯಾ! ಓವನ್ ನಡೀತು! ಏಕ್‌ದಮ್! ಕೇಕ್ ಅಂದರ್ ಹೈ. ಮಮ್ಮಾ ದೋಸೆ ಕೂಡ ಮಾಡ್ತಿದಾಳೆ.”

ಒಂಬತ್ತಕ್ಕೆ ಗ್ರೂಪಿನಲ್ಲಿ ಬಂತು. ಚಂದ್ರಪ್ರಭಾ ಹೆಸರಿನಲ್ಲೇ ಬಂತು, ಬರೆದವರು ಮಾತ್ರ ಅನಂತಮೂರ್ತಿಗಳೇ. ಸರ್ಕಾರಿ ಕಾಗದದ ಹಾಗಿತ್ತು. ‘ಸ್ಪಷ್ಟೀಕರಣ’ ಎಂದು ಮೇಲೆ. ‘ನಮ್ಮ ಹಿಂದಿನ ಸಂದೇಶಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಓವನ್ ಕೆಟ್ಟಿದ್ದು ಅದರೊಳಗೆ ರಾತ್ರಿ ಇಡುತ್ತಿದ್ದ ದೋಸೆ ಹಿಟ್ಟು ಉಕ್ಕಿದ್ದರಿಂದ. ಹಿಟ್ಟನ್ನು ಇಟ್ಟವರು ನಾವೇ. ಬೆಳಗಿನ ಹೊತ್ತು ರಿಪೇರಿಗೆ ಒಳಗೆ ಬಿಡದವರೂ ನಾವೇ. ಶ್ರೀ ಏಕನಾಥ ಅವರು ಹೊರಗೆಳೆದು ನೋಡಲು ಕೇಳಿದ್ದರು, ನಾವು ಬೇಡವೆಂದೆವು. ದೋಷವನ್ನು ಕಂಡುಹಿಡಿದು ಸರಿಪಡಿಸಿದವರು ಅವರ ಪತ್ನಿ ಶ್ರೀಮತಿ ಗಿರಿಜಮ್ಮ.’

ಅವರು ಹೊರಗೆಳೆಯಲು ಕೇಳಿದ್ದರು ಎಂಬುದನ್ನು ನಾನು ಅಲ್ಲಿ ಓದಿದೆ. ಚಂದ್ರಪ್ರಭಾ ನನಗೆ ಅಷ್ಟು ಹೇಳಿರಲಿಲ್ಲ. ಕೇಳಿದ್ದರಲ್ಲ, ಅದು ಸಾಕು. ಹಿಂದೆ ಅವರದೇ ತಪ್ಪು ಎಂದು ಬರೆದೆ. ಅದನ್ನು ಹೊಡೆದುಹಾಕುವುದಿಲ್ಲ. ಕೇಳಿ ಸುಮ್ಮನಾದದ್ದೂ ತಪ್ಪೇ. ಹೆಂಗಸರು ಬೇಡ ಅಂದರೆ ಎದುರಾಡುತ್ತಿರಲಿಲ್ಲ, ನಾಚಿಕೆ.

ಅದರ ಕೆಳಗೆ ಗ್ರೂಪಿನ ಹೆಂಗಸರು ಶುರು ಮಾಡಿದರು. ‘ಅಯ್ಯೋ ನಾವೂ ಇಡ್ತೀವಲ್ಲಾ.’ ‘ನಮ್ಮದೂ ಬೆಳಿಗ್ಗೆ ಬೀಪ್ ಅನ್ನತ್ತೆ.’ ‘ಚಂದ್ರಪ್ರಭಾ, ಉಪ್ಪು ಹಾಕಿ ಯಾರಾದ್ರೂ ಇಡ್ತಾರಾ?’ ಉಪ್ಪಿನ ಮೇಲೆ ಜಗಳ ಎರಡು ದಿನ ನಡೆಯಿತು. ಅಷ್ಟರಲ್ಲಿ ನನಗೆ ಐದು ಫೋನ್ ಬಂದವು. ಮೂರು ಕಡೆ ದೋಸೆ ಹಿಟ್ಟು. ಒಂದು ಕಡೆ ಹಪ್ಪಳ ಒಣಗಿಸಲು ಬಾಗಿಲು ಅರ್ಧ ತೆಗೆದಿಟ್ಟು ಮೇಲಿನ ಗುಂಡಿ ಕರಗಿತ್ತು. ಇನ್ನೊಂದು ಕಡೆ ನಿಜವಾಗಿಯೂ ಬೋರ್ಡೇ ಹೋಗಿತ್ತು. ಹೋಗಿದೆ ಎಂದೇ ಹೇಳಿದೆ.

ಈಗಲೂ ಫೋನ್ ಮಾಡಿದವರು, “ಏಕನಾಥ ಅವರ ನಂಬರಾ?” ಅನ್ನುತ್ತಾರೆ. ಹೌದು ಅನ್ನುತ್ತೇನೆ. ಮೊದಲು ಮನೆಯ ಹೆಂಗಸರಿಗೆ ಫೋನ್ ಕೊಡಿ ಅನ್ನುತ್ತೇನೆ. ಯಾವ ಹೊತ್ತಿಗೆ ಕೆಡುತ್ತದೆಯೋ ಆ ಹೊತ್ತಿಗೆ ಬರುತ್ತೇನೆ, ಮಡಿ ಇದ್ದರೆ ಮೊದಲೇ ಹೇಳಿ, ನಾನೂ ಸ್ನಾನ ಮಾಡಿಯೇ ಬರುತ್ತೇನೆ ಅನ್ನುತ್ತೇನೆ. ಈವರೆಗೆ ಯಾರೂ ಬೇಡ ಅಂದಿಲ್ಲ.

ನಾವಿರುವ ಕಟ್ಟಡದ ಎರಡನೇ ಮಹಡಿಯ ಮೆಟ್ಟಿಲ ಬಳಿ ಕರೆಂಟಿನ ಬೋರ್ಡ್ ಇದೆ. ಯಾರಿಗಾದರೂ ಶಾಕ್ ಹೊಡೆದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ ಒಂದನ್ನು ಅವರು ಅದರಲ್ಲಿ ಹಾಕಿದ್ದರು. ಅದರಲ್ಲಿ ಪುಟ್ಟದೊಂದು ಗುಂಡಿ. ಒತ್ತಿದರೆ ಸ್ವಿಚ್ ಕೆಳಗೆ ಬೀಳಬೇಕು. ಬಿದ್ದರೆ ಅದು ಬದುಕಿದೆ ಎಂದು ಅರ್ಥ. ತಿಂಗಳಿಗೊಮ್ಮೆ ಒತ್ತಿದರೆ ಸಾಕಂತೆ. ಅವರು ನನ್ನಿಂದ ದಿನಾ ಒತ್ತಿಸುತ್ತಿದ್ದರು. ಈಗಲೂ ಬೆಳಿಗ್ಗೆ ಆರೂವರೆಗೆ ಹೋಗಿ ಒತ್ತುತ್ತೇನೆ. ಟಕ್ ಎಂದು ಬೀಳುತ್ತದೆ. ಮಹಡಿಯೆಲ್ಲ ಕತ್ತಲೆ. ಬಾಡಿಗೆ ಕೋಣೆಗಳಿಂದ ಕೋಚಿಂಗ್ ಕ್ಲಾಸಿನ ಹುಡುಗಿಯರು, “ಆಂಟೀ! ಫಿರ್ ಸೇ?” ಎಂದು ಕೂಗುತ್ತಾರೆ, ಮತ್ತೇನಾ ಎಂದು. “ಹಾಂ, ಫಿರ್ ಸೇ” ಅನ್ನುತ್ತೇನೆ. ಸ್ವಿಚ್ ಮೇಲಕ್ಕೆ ಎತ್ತುತ್ತೇನೆ.